ಗ್ರಾಫಿಕ್ಸ್ ಕಾರ್ಡಿಗೆ ಸೆಕೆಯಾಯಿತು

ಸ್ನೇಹಿತರೇ, ಇಂದು ಪುಟ್ಟೇನಹಳ್ಳಿಯ ನಮ್ಮ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೂತಲ್ಲಿ ಕೂರಲಾಗಲಿಲ್ಲ. ನಾನು ಕಂಪ್ಯೂಟರಿನಲ್ಲಿ ಒಂದು ಮದುವೆಯ ವಿಡಿಯೊ ಮುಗಿಸುತ್ತಿದ್ದೆ. ನೋಡಲು ಮದುಮಗಳ ತಾಯಿ ಬರುವವರಿದ್ದರು. ನನ್ನ ಗಂಡನ ಕಣ್ಣು ಮಾತ್ರ ಕಂಪ್ಯೂಟರಿನೊಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಶಾಖ ತೋರಿಸುವ ಅಂಕಿಯ ಮೇಲೆ.

"ಎಂಬತ್ತೆಂಟಾಯ್ತು ಕಣೇ! ಕರೆಂಟೂ ಜಾಸ್ತಿ ಎಳೀತಿದೆ. ನಿಲ್ಸು."

"ನಿಲ್ಸಿದ್ರೆ ಮೊದಲಿಂದ ಮಾಡ್ಬೇಕು ರೀ. ನನ್ನ ತಲೆ ಎಷ್ಟು ಬಿಸಿಯಾಗಿದೆ, ಅದನ್ನ ನೋಡಿದ್ರಾ?"

ಅವರು ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿ, ಇದ್ದೊಂದು ಫ್ಯಾನನ್ನು ಅದರತ್ತ ತಿರುಗಿಸಿದರು. ಅಂಕಿ ಇಳಿಯಿತು; ನಾವು ಬೆವೆತೆವು.

ಅಷ್ಟರಲ್ಲಿ ಆ ತಾಯಿ ಬಂದರು. "ಉಸ್ಸಪ್ಪಾ! ಫ್ಯಾನ್ ಸ್ವಲ್ಪ ಈ ಕಡೆ ತಿರುಗ್ಸಿ ಮೇಡಂ."

"ಬೇಡ!" ಇಬ್ಬರೂ ಒಟ್ಟಿಗೆ ಕೂಗಿದೆವು.

ವಿಡಿಯೊ ಸರಿಯಾಗಿ ಮುಗಿಯಿತು. ಮಗಳ ಧಾರೆ ನೋಡಿ ಅತ್ತರೋ, ಸೆಕೆಗೆ ಬೆವೆತರೋ, ಅವರ ಸೆರಗು ಪೂರ್ತಿ ಒದ್ದೆಯಾಗಿತ್ತು.