ಗಾಜಿನ ಪೆಟ್ಟಿಗೆಯ ಕಂಬಳಿ

ಎಂಬತ್ತರ ದಶಕದ ಆರಂಭದಲ್ಲಿ ಶಿರಾದ ನಮ್ಮ ಕಾಲೇಜಿನ ಒಂದು ಕೋಣೆಯನ್ನೇ ಪುಟ್ಟ ವಸ್ತುಸಂಗ್ರಹಾಲಯ ಮಾಡಿದ್ದೆವು. ಮದಲೂರಿನ ಕುರಿ ಸಾಕುವ ಮನೆಯ ಅಜ್ಜಿಯೊಬ್ಬಳು ಪ್ರದರ್ಶನಕ್ಕೆಂದು ತನ್ನ ಕರಿ ಕಂಬಳಿ ಕೊಟ್ಟಿದ್ದಳು. ಮದುವೆಗಳಲ್ಲಿ ದೇವರ ಗದ್ದುಗೆಗೆ ಹಾಸುವ ಕಂಬಳಿ ಅದು. ಮೊಮ್ಮಗಳ ಮದುವೆಗೆ ವಾಪಸ್ ಬೇಕೆಂದು ಹೇಳಿಯೇ ಕೊಟ್ಟಿದ್ದಳು.

ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡುವಾಗ, ನುಸಿ ಹತ್ತದಿರಲೆಂದು, ಸಂಗ್ರಹಾಲಯದ ಉಸ್ತುವಾರಿಯ ಮೇಷ್ಟ್ರು ಅದರ ಮಡಿಕೆಗಳಿಗೆಲ್ಲ ಡಿಡಿಟಿ ಪುಡಿ ತುಂಬಿಸಿದರು. ನಾನು ವಾದಕ್ಕೆ ನಿಂತೆ.

"ಇಷ್ಟು ಕಾಲ ಬೇವಿನ ಸೊಪ್ಪು, ಬಿಸಿಲಲ್ಲೇ ಉಳಿದದ್ದಕ್ಕೆ ಈಗ ವಿಷ ಯಾಕೆ ಸಾರ್?"

"ಇದು ಚರ್ಚಾಸ್ಪರ್ಧೆ ಅಲ್ಲ ಕಣಯ್ಯ, ವಿಜ್ಞಾನ."

"ವಿಜ್ಞಾನ ಅಂದ್ರೆ ಪ್ರಶ್ನೆ ಕೇಳಬಾರದು ಅಂತಲಾ?" ಅಂದೆ. ಹುಡುಗರು ನಕ್ಕರು. ಪುಡಿ ಅಲ್ಲೇ ಉಳಿಯಿತು.

ಮದುವೆ ಹತ್ತಿರವಾದಾಗ ಅಜ್ಜಿ ಬಂದಳು. ಮೇಷ್ಟ್ರು ನನ್ನನ್ನು ಮುಂದೆ ಬಿಟ್ಟರು. ಹೇಳುವ ಕೆಲಸ ನನ್ನ ಪಾಲಿಗೆ ಬಂತು.

"ಅದಕ್ಕೆ ವಿಷ ಹಾಕವ್ರೆ ಅಜ್ಜಿ, ಮುಟ್ಟಬಾರದು."

"ಕೆರೇಲಿ ಒಗುದ್ರೆ ಓಯ್ತದೆ ಬುಡಪ್ಪ."

"ಆ ನೀರನ್ನೇ ನಿಮ್ಮ ಕುರಿ ಕುಡೀತವಲ್ಲ ಅಜ್ಜಿ."

ಅವಳು ಗಾಜಿನ ಮೇಲೆ ಕೈಯಿಟ್ಟಳು. "ನುಸಿ ತಿಂದಿದ್ರೂ ಒಂದು ತುಂಡಾದ್ರೂ ಮಿಗ್ತಿತ್ತು," ಅಂದಳು.

ಮದುವೆಯಲ್ಲಿ ಪಕ್ಕದ ಮನೆಯ ಕಂಬಳಿ ಕೇಳಿ ತಂದು ಹಾಸಿದರಂತೆ.