ಉಮಾಪತಿಯ ಹೊಸ ಜವಾನ

ಗಂಗಾವತಿಯ ಉಮಾಪತಿಯನ್ನು ನೀವು ನೋಡಿಲ್ಲದಿದ್ದರೆ ನಷ್ಟವೇನೂ ಆಗಿಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದು ಹೋದ ವರ್ಷ ನಿವೃತ್ತನಾದ ಮನುಷ್ಯ. ಕುರ್ಚಿಯಲ್ಲಿ ಕೂತಷ್ಟು ಕಾಲ ಆತ ಮಾಡಿದ ಘನಕಾರ್ಯವೆಂದರೆ, ಮೇಜಿನ ಮುಂದೆ ಬಂದು ನಿಂತವರನ್ನೆಲ್ಲ ಕನ್ನಡಕದ ಮೇಲಿಂದ ನೋಡಿ “ಉದ್ದೇಶ?” ಎಂದು ಕೇಳಿದ್ದು. ಕೆಲಸದ ಮೇಲೆ ಬಂದವರನ್ನು ಕೇಳಿದರೆ ಸರಿ. ಬಿಸಿಲಿಗೆ ಬಾಯಾರಿ ಒಂದು ಲೋಟ ನೀರು ಬೇಡಿದ ಮುದುಕಿಯನ್ನೂ ಕೇಳಿದ್ದ. ಪಾಪ, ಅವಳಿಗೆ ಉತ್ತರ ಹೊಳೆಯದೆ ನೀರು ಕುಡಿಯದೇ ಮೆಟ್ಟಿಲಿಳಿದು ಹೋದಳು. ಅದನ್ನು ಆತ ಸಂಜೆ ಹೆಂಡತಿಯ ಮುಂದೆ ಶಿಸ್ತಿನ ಕಥೆಯೆಂದು ಹೇಳಿಕೊಂಡ.

ಮನೆಯಲ್ಲೂ ಕಾನೂನಿಗೆ ಬರವಿರಲಿಲ್ಲ. ಚಪ್ಪಲಿಯ ಮೂತಿ ಗೋಡೆಯ ಕಡೆಗೇ ಇರಬೇಕು. ಪೇಪರಿನ ಮಡಿಕೆಯನ್ನು ಆತನೇ ಬಿಚ್ಚಬೇಕು. ರೊಟ್ಟಿ ಬಂದ ಮೇಲೆ ಪಲ್ಯ ಬರಬೇಕು, ಪಲ್ಯ ಮೊದಲು ಬಂದರೆ ತಟ್ಟೆ ಸರಿಸುತ್ತಿದ್ದ. ಹೆಂಡತಿ ಲಲಿತಾ ಇದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು ಸಂಸಾರ ನಡೆಸಿದವಳು. ಗಂಡ ಭಾಷಣ ಮಾಡುವಾಗ ಆಕೆ ಮೆಂತ್ಯದ ಸೊಪ್ಪು ಸೋಸುತ್ತ ಕೂರುತ್ತಿದ್ದಳು. ಸೊಪ್ಪು ಮುಗಿದರೆ ಭಾಷಣವೂ ಮುಗಿದಿರುತ್ತಿತ್ತು.

ಆತ ಹುಟ್ಟಿದ್ದು ಅಳವಂಡಿಯಲ್ಲಿ. ತಾಯಿ ಬೇಗ ಹೋದಳು. ಬೆಳೆಸಿದವಳು ಅಕ್ಕ ವಿರೂಪಾಕ್ಷಮ್ಮ. ಅವಳೂ ಆಗ ಹುಡುಗಿಯೇ. ಸೊಂಟದ ಮೇಲೆ ಇವನನ್ನು ಹೊತ್ತುಕೊಂಡು ನೀರಿಗೆ ಹೋದಳು, ಇವನನ್ನು ಶಾಲೆಗೆ ಬಿಟ್ಟು ತಾನು ಹೊಲಕ್ಕೆ ಹೋದಳು. ಇರಕಲ್ಲಗಡಕ್ಕೆ ಮದುವೆಯಾಗಿ ಹೋದ ಮೇಲೂ ಇವನ ಓದಿಗೆ ಜೋಳ, ತುಪ್ಪ ಅಲ್ಲಿಂದಲೇ ಬರುತ್ತಿತ್ತು. ಪ್ರತಿ ನಾಗರಪಂಚಮಿಗೆ ಎಳ್ಳು, ಶೇಂಗಾದ ಉಂಡಿ ಕಟ್ಟಿಕೊಂಡು ಹೋಗಿ ಅಕ್ಕನನ್ನು ತವರಿಗೆ ಕರೆತರುವುದು ತಮ್ಮನಾದವನ ಕೆಲಸ. ಉಮಾಪತಿಗೆ ಒಂದು ವರ್ಷವೂ ಬಿಡುವಾಗಲಿಲ್ಲ. ಅಳವಂಡಿಯ ಹೊಲವನ್ನು ಪಾಲಿಗೆ ಮಾಡುವ ಗವಿಸಿದ್ದಪ್ಪನಿಗೆ ಹೇಳಿಬಿಡುತ್ತಿದ್ದ. ಆ ಮನುಷ್ಯ ತನ್ನ ಮನೆಯ ಉಂಡಿಯನ್ನೇ ಡಬ್ಬಿಗೆ ತುಂಬಿಕೊಂಡು ಹೋಗಿ, “ತಮ್ಮನವ್ರು ಕಳ್ಸ್ಯಾರವ್ವ” ಎಂದು ಸುಳ್ಳು ಹೇಳಿ ಕೊಟ್ಟು ಬರುತ್ತಿದ್ದ. ಸುಳ್ಳೆಂದು ವಿರೂಪಾಕ್ಷಮ್ಮನಿಗೆ ಗೊತ್ತಿತ್ತು.

ಇಷ್ಟಿದ್ದೂ ಉಮಾಪತಿಗೆ ಬದುಕಿನಲ್ಲಿ ಒಂದು ದೊಡ್ಡಸ್ತಿಕೆ ಉಳಿದಿತ್ತು. ಅಕ್ಕನ ಕಡೆಹುಟ್ಟು ಮಗಳು ರೂಪಾಳಿಗೆ ಆತ ಒಬ್ಬನೇ ಸೋದರಮಾವ. ಮದುವೆಯಲ್ಲಿ ಹೆಣ್ಣಿನ ಹಣೆಗೆ ಬಾಸಿಂಗ ಕಟ್ಟುವವನು ಅವನೇ, ಕೈ ಹಿಡಿದು ಹಂದರಕ್ಕೆ ಕರೆತರುವವನು ಅವನೇ. ಅವನು ಬರುವ ತನಕ ಅಯ್ಯನವರೂ ಮಂತ್ರ ನಿಲ್ಲಿಸಿ ಕಾಯಬೇಕು. ಕಚೇರಿ ಬಿಟ್ಟ ಮೇಲೆ ಆತನನ್ನು ಕಂಡು ಎದ್ದು ನಿಲ್ಲುವವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಮಂದಿಯನ್ನು ಎಬ್ಬಿಸಿ ನಿಲ್ಲಿಸಲು ಉಳಿದದ್ದು ಇದೊಂದೇ ದಿನ. ರೂಪಾಳಿಗೆ ಗಂಡು ಗೊತ್ತಾಗಿದೆ, ಲಗ್ನ ಯುಗಾದಿ ಆದ ಮೇಲೆ ಎಂದು ಕಿವಿಗೆ ಬಿದ್ದದ್ದೇ ತಡ, ರೇಷ್ಮೆ ರುಮಾಲು ತಂದು ಕನ್ನಡಿಯ ಮುಂದೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಅಭ್ಯಾಸ ಮಾಡಿದ. ಕಂಡಕಂಡವರ ಮುಂದೆ, ಅಕ್ಕ ಬಂದು ಎಲೆ ಅಡಿಕೆ ಇಟ್ಟು ಕರೆಯುವುದೊಂದು ಬಾಕಿ ಎಂದು ಹೇಳಿಕೊಂಡು ತಿರುಗಿದ.

ಈ ನಡುವೆ ಮನೆಗೆ ಯಂತ್ರ ಬಂತು. ಮಗಳು ಶೈಲಜಾ ಕುಷ್ಟಗಿಯಲ್ಲಿ ನೌಕರಿ ಮಾಡುತ್ತಾಳೆ. ಯಾರಿಗೆ ಏನು ಉತ್ತರ ಬರೆಯಲಿ ಎಂದು ಅಪ್ಪ ದಿನಕ್ಕೆ ಹತ್ತು ಸಲ ಫೋನು ಮಾಡಿ ತಲೆ ತಿನ್ನುತ್ತಿದ್ದ. ಆಕೆ ಬೇಸತ್ತು, ರಜೆಗೆ ಬಂದಾಗ ಆತನ ಮೊಬೈಲಿಗೆ ಎಐ ಸಹಾಯಕನನ್ನು ಹಾಕಿಕೊಟ್ಟಳು. ಬಂದ ಮೆಸೇಜನ್ನು ಓದಿ, ಒಡೆಯನ ಪರವಾಗಿ ಉತ್ತರ ಬರೆಯುವಂಥದ್ದು. “ಹೆಂಗ ನಡಕೋಬೇಕು ಅಂತ ಒಮ್ಮಿ ತಿಳಿಸಿ ಹೇಳ್ರಿ ಅಪ್ಪಾ, ಹಂಗ ನಡಕೋತೈತಿ,” ಎಂದಳು. ಹಸಿದವನ ಮುಂದೆ ಹೋಳಿಗೆ ಇಟ್ಟಂತಾಯಿತು. ಹೇಳಿದ ಹಾಗೆ ಕೇಳುವ ಜೀವ ಈ ಭೂಮಿಯ ಮೇಲೆ ಇನ್ನೂ ಒಂದಿದೆ ಎಂದು ಉಮಾಪತಿಗೆ ಗೊತ್ತೇ ಇರಲಿಲ್ಲ. ಅದಕ್ಕೆ ಸಿದ್ದೇಶ ಎಂದು ಹೆಸರಿಟ್ಟ. ಸಿದ್ದೇಶ ಎಂದರೆ ಕಚೇರಿಯಲ್ಲಿ ಆತನ ಕೈಕೆಳಗೆ ನವೆದ ಜವಾನ. ಆ ಪುಣ್ಯಾತ್ಮ ನಿವೃತ್ತಿಯ ಸನ್ಮಾನಕ್ಕೂ ಬಂದಿರಲಿಲ್ಲ.

ನಿಯಮ ಹೇಳಿಕೊಡುವುದಕ್ಕೆ ಒಂದು ವಾರ ಹಿಡಿಯಿತು. ಊಟ ಆರಿದರೂ ಎದ್ದು ಬರುತ್ತಿರಲಿಲ್ಲ. ಯಾರಿಗೂ ಹೌದು ಎನ್ನಬಾರದು, ಇಲ್ಲ ಎಂತಲೂ ಎನ್ನಬಾರದು, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಆದ್ದರಿಂದ ‘ಪರಿಶೀಲಿಸಲಾಗುವುದು’ ಎನ್ನಬೇಕು. ತನಗಿಂತ ಮೇಲಿನವರ ಮೆಸೇಜಿಗೆ ತಕ್ಷಣ ಕೈಮುಗಿಯಬೇಕು, ಕೆಳಗಿನವರಿಗೆ ಅರ್ಧ ದಿನ ಬಿಟ್ಟು ಉತ್ತರಿಸಬೇಕು, ಇಲ್ಲದಿದ್ದರೆ ತೂಕ ಕಡಿಮೆಯಾಗುತ್ತದೆ. ಕಾರಣ ಹೇಳದೆ ಮನೆಗೆ ಬರುತ್ತೇನೆ ಎನ್ನುವವರು ಸಾಲಕ್ಕೋ ಶಿಫಾರಸಿಗೋ ಬರುವವರೇ. ಅಂಥವರಿಗೆ ಬಿಡುವಿಲ್ಲ ಎಂದು ಹೇಳಿ ಉದ್ದೇಶ ಕೇಳಬೇಕು. ಊರಲ್ಲಿಲ್ಲ ಎಂದೇ ಹೇಳಿಸಬೇಕೆಂದಿದ್ದ. ಊರಲ್ಲಿದ್ದೂ ಇಲ್ಲ ಎನ್ನುವುದು ಬೇಡ, ಬಿಡುವಿಲ್ಲ ಎಂದರೆ ಸಾಲದೇ ಎಂದು ಆ ಯಂತ್ರವೇ ವಿನಯದಿಂದ ಕೇಳಿತು. ಮನುಷ್ಯನಿಗೆ ಇಲ್ಲದ ನಾಚಿಕೆ ಯಂತ್ರಕ್ಕಿತ್ತು.

ಒಂದು ದಿನ ಉಮಾಪತಿ ಚಹಾದಂಗಡಿಯಲ್ಲಿ ಗೆಳೆಯ ಮಾಂತೇಶನ ಮುಂದೆ ಮೊಬೈಲು ಹಿಡಿದು ಸಿದ್ದೇಶನ ಗುಣಗಾನ ಮಾಡುತ್ತಿದ್ದ. ಮಾಂತೇಶ ಗೊಬ್ಬರದ ಅಂಗಡಿಯವ, ಬೀಗತನ ಇರಕಲ್ಲಗಡದಲ್ಲೇ. ಅಷ್ಟರಲ್ಲಿ ಮೊಬೈಲು ಗುಂಯ್ ಅಂದಿತು. ಉಮಾಪತಿ ಜೋರಾಗಿ ಓದಿದ. “ನಿಮ್ಮ ಅಕ್ಕನವರಿಂದ ಧ್ವನಿ ಸಂದೇಶ ಬಂದಿದೆ. ಸೋಮವಾರ ಮನೆಯಲ್ಲಿ ಇರುತ್ತೀರಾ, ಬರುತ್ತೇವೆ ಎಂದಿದ್ದಾರೆ. ಕಾರಣ ಹೇಳಿಲ್ಲ. ನಿಯಮದಂತೆ ಬಿಡುವಿಲ್ಲ ಎನ್ನಲೇ? ಅಕ್ಕನವರಾದ್ದರಿಂದ ಬನ್ನಿ ಎನ್ನಲೇ?”

ಅಕ್ಕಾರು ಬರ್ತೀನಿ ಅಂದರೆ ಬರಲಿ ಬಿಡ್ರಿ ಎಂದ ಮಾಂತೇಶ. ಆತ ಹಾಗೆ ಅನ್ನದೇ ಹೋಗಿದ್ದರೆ ಉಮಾಪತಿ ಒಪ್ಪುತ್ತಿದ್ದನೋ ಏನೋ. ಇನ್ನೊಬ್ಬರು ಹೇಳಿದ ಮೇಲೆ ಒಪ್ಪುವುದಾದರೂ ಹೇಗೆ? ಅಕ್ಕನ ಹಿರಿಯ ಮಗನಿಗೆ ಎಲ್ಲಾದರೂ ನೌಕರಿ ಕೊಡಿಸು ಎನ್ನಲು ಬರುತ್ತಿರಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, ಅಂಗಡಿಗೆಲ್ಲ ಕೇಳುವಂತೆ, “ಯಾರಿದ್ದರೂ ಒಂದೇ. ಉದ್ದೇಶ ಕೇಳು,” ಎಂದ.

ಈ ಸೀಮೆಯಲ್ಲಿ ಹುಟ್ಟಿ ಬೆಳೆದ ಯಾವ ಕೂಸಿಗೂ ಗೊತ್ತಿದ್ದ ಮಾತು ಇವನಿಗೆ ಹೊಳೆಯಲಿಲ್ಲ. ಲಗ್ನದ ಕರೆಯನ್ನು ಫೋನಿನಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಮನೆಯಲ್ಲಿ ಇರುತ್ತೀರಾ ಎಂದಷ್ಟೇ ಕೇಳುತ್ತಾರೆ. ಬಂದು, ಕುಂಕುಮ ಹಚ್ಚಿ, ಎಲೆ ಅಡಿಕೆ ಮುಂದಿಟ್ಟ ಮೇಲೆಯೇ ಮಾತು. ತವರಿಗಂತೂ ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಹೋಗಬೇಕು, ಸೋದರಮಾವನ ಒಪ್ಪಿಗೆ ಪಡೆದು ಅವನ ಹೆಸರು ಹಾಕಿಸಬೇಕು. ಅಕ್ಕ ಬಂದು ಕರೆಯಲಿ ಎಂದು ಇಡೀ ಊರಿಗೆ ಸಾರಿದವನೇ, ಅಕ್ಕ ಬರುತ್ತೇನೆ ಅಂದಾಗ ಉದ್ದೇಶ ಕೇಳಿದ.

ಇರಕಲ್ಲಗಡದಲ್ಲಿ ಉತ್ತರವನ್ನು ರೂಪಾ ತಾಯಿಗೆ ಓದಿ ಹೇಳಿದಳು. ಮಾನ್ಯರೇ, ಸೋಮವಾರ ಬಿಡುವಿರುವುದಿಲ್ಲ, ಭೇಟಿಯ ಉದ್ದೇಶವನ್ನು ಮುಂಚಿತವಾಗಿ ತಿಳಿಸಿದಲ್ಲಿ ಪರಿಶೀಲಿಸಲಾಗುವುದು. ವಿರೂಪಾಕ್ಷಮ್ಮ ಇನ್ನೊಮ್ಮೆ ಓದಿಸಿದಳು. ಆಮೇಲೆ ತಾಳ್ಮೆಯಿಂದಲೇ, ಇದು ಫೋನಿನಲ್ಲಿ ಹೇಳುವಂಥದ್ದಲ್ಲ ತಮ್ಮಾ, ಬಂದು ಹೇಳುತ್ತೇನೆ ಎಂದು ಮತ್ತೆ ಮಾತು ತುಂಬಿ ಕಳಿಸಿದಳು. ಸಿದ್ದೇಶ ಮತ್ತೆ ಒಡೆಯನನ್ನು ಕೇಳಿತು. ಉಮಾಪತಿ ಟಿವಿಯಲ್ಲಿ ಚರ್ಚೆ ನೋಡುತ್ತಿದ್ದ. ಪೂರ್ತಿ ಓದದೆ ‘ನಿಯಮದಂತೆ’ ಎಂಬಲ್ಲಿ ಬೆರಳಿಟ್ಟ. ಎರಡನೇ ಉತ್ತರ ಬಂದ ಮೇಲೆ ವಿರೂಪಾಕ್ಷಮ್ಮ ಮೊಬೈಲನ್ನು ಮಗಳ ಕೈಗೆ ಕೊಟ್ಟು, ತಾನು ತವರಿಗೆ ಅರ್ಜಿ ಹಾಕಿಕೊಂಡು ಹೋಗುವವಳಲ್ಲ ಎಂದಳು. ಸೋಮವಾರ ಗಂಡನ ಜೊತೆ ಬಸ್ಸು ಹತ್ತಿದಳು. ಬಸ್ಸು ಅಳವಂಡಿಯದು.

ಉಮಾಪತಿಗೆ ಸುದ್ದಿ ತಿಳಿದದ್ದು ಅದೇ ಚಹಾದಂಗಡಿಯಲ್ಲಿ. ಮಾಂತೇಶ ಬೀಗರ ಮನೆಯಿಂದ ಬಂದ ಲಗ್ನಪತ್ರಿಕೆಯನ್ನು ಮೇಜಿನ ಮೇಲಿಟ್ಟು ಚಹಾ ಕುಡಿದ. ಯುಗಾದಿಗಿಂತ ಮೊದಲೇ ಮುಹೂರ್ತ ಕೂಡಿ ಬಂದಿತ್ತು. ಕೆಳಗೆ, ಸೋದರಮಾವ ಎಂಬಲ್ಲಿ, ಗವಿಸಿದ್ದಪ್ಪ, ಅಳವಂಡಿ ಎಂದು ಅಚ್ಚಾಗಿತ್ತು.

ಮರುದಿನವೇ ಲಲಿತಾಳನ್ನು ಎಬ್ಬಿಸಿಕೊಂಡು ಇರಕಲ್ಲಗಡಕ್ಕೆ ಓಡಿದ. ಅಕ್ಕ ಕಟ್ಟೆಯ ಮೇಲೆ ಕೂತು ಸಂಡಿಗೆ ಹಿಟ್ಟು ನಾದುತ್ತಿದ್ದಳು. ಬಂದೆಯಾ ಎಂದಳು, ನೀರು ಕೊಡಿಸಿದಳು, ಚಹಾ ಮಾಡಿಸಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಉಪಕಾರವಾಗುತ್ತಿತ್ತು. ಪಾಲಿಗೆ ಮಾಡುವವನನ್ನು ತಂದು ಆ ಜಾಗದಲ್ಲಿ ಕೂರಿಸಿದರೆ ಮಂದಿ ನಗುವುದಿಲ್ಲವೇ ಎಂದು ಇವನೇ ಶುರು ಮಾಡಿದ. ಪಂಚಮಿ ಉಂಡಿ ಯಾರ ಮನೆಯದೆಂದು ಮಂದಿಗೆ ಗೊತ್ತಿದೆ, ಅವರೇನೂ ನಗುವುದಿಲ್ಲ ಎಂದಳು ಆಕೆ. ಆಗ ಉಮಾಪತಿ ಮೊಬೈಲು ತೆಗೆದ.

“ನಾ ಅಂದಿದ್ದಲ್ಲಕ್ಕಾ ಅದು. ಈ ಯಂತ್ರ ಅಂದಿದ್ದು. ಆಳು ಮಾಡಿದ್ದು ಹಾಳು ಅಂತಾರಲ್ಲ, ಹಂಗಾತು. ಬೇಕಾದ್ರ ರೂಪಾ ಓದ್ಲಿ.”

ಕಚೇರಿಯಲ್ಲಿ ಬದುಕಿಡೀ ತಪ್ಪನ್ನೆಲ್ಲ ಜವಾನನ ತಲೆಗೆ ಕಟ್ಟಿದವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ರೂಪಾ ಮೊಬೈಲು ಇಸಿದುಕೊಂಡು ಮೇಲಿನಿಂದಲೇ ಓದಿದಳು. ನಿಮ್ಮ ಅಕ್ಕನವರು ಎಂಬಲ್ಲಿಂದ ಹಿಡಿದು, ಅಕ್ಕನವರಾದ್ದರಿಂದ ಬನ್ನಿ ಎನ್ನಲೇ ಎಂಬ ತನಕ ಓದಿ, ಕೆಳಗೆ ಮಾವನ ಉತ್ತರವನ್ನೂ ಓದಿದಳು. ಯಾರಿದ್ದರೂ ಒಂದೇ. ಓದಿ ಮುಗಿಸಿ ಮೊಬೈಲನ್ನು ಆತನ ತೊಡೆಯ ಮೇಲಿಟ್ಟು ಒಳಗೆ ಹೋದಳು. ಲಲಿತಾ ಗಂಡನ ಮುಖವನ್ನು ನೋಡಲಿಲ್ಲ. ಇಷ್ಟು ವರ್ಷ ಸೋಸಿದ ಮೆಂತ್ಯ ಸೊಪ್ಪೆಲ್ಲ ವ್ಯರ್ಥ ಅನಿಸಿತು ಆಕೆಗೆ.

ವಿರೂಪಾಕ್ಷಮ್ಮ ಕೈಗಂಟಿದ ಹಿಟ್ಟನ್ನು ಪಾತ್ರೆಯ ಅಂಚಿಗೆ ಒರೆಸಿಕೊಂಡಳು.

“ನಿನ್ನ ಆಳಿಗೆ ನಾ ಅಕ್ಕ ಅಂತ ಗೊತ್ತಾತು, ತಮ್ಮಾ. ನಿನಗ ಗೊತ್ತಾಗ್ಲಿಲ್ಲ. ಲಗ್ನಕ್ಕ ಬಾ. ಉಂಡು ಹೋಗು.”

ಲಗ್ನಕ್ಕೆ ಬಂದ. ಬಾರದೆ ಇರುವ ಮಾನವೂ ಅವನಲ್ಲಿರಲಿಲ್ಲ. ರುಮಾಲು ಸುತ್ತಿಕೊಂಡೇ ಬಂದ, ಕಡೆಯ ಗಳಿಗೆಯಲ್ಲಾದರೂ ಕರೆದಾರು ಎಂಬ ಆಸೆ. ಮಂದಿಯ ನಡುವೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ನೋಡಿದ. ಗವಿಸಿದ್ದಪ್ಪ ಹೊಸ ಧೋತರದಲ್ಲಿ ಬೆವರುತ್ತ ಬಾಸಿಂಗ ಕಟ್ಟಿದ. ಅದು ಸ್ವಲ್ಪ ಡೊಂಕಾಯಿತು. ಡೊಂಕಾಗಿದೆ, ಡೊಂಕಾಗಿದೆ ಎಂದು ಉಮಾಪತಿ ಎದ್ದ. ಸರಿ ಮಾಡಲು ಹೊರಟವನನ್ನು ಲಲಿತಾ ಅಂಗಿ ಹಿಡಿದು ಕೂರಿಸಿದಳು. ರೂಪಾ ಗವಿಸಿದ್ದಪ್ಪನ ಕೈ ಹಿಡಿದು ಹಂದರಕ್ಕೆ ಬಂದಳು. ಅಯ್ಯನವರು ಕಾದರು, ಮಂದಿ ಎದ್ದು ನಿಂತರು. ಎಲ್ಲರ ಜೊತೆ ಉಮಾಪತಿಯೂ ಎದ್ದು ನಿಲ್ಲಬೇಕಾಯಿತು.

ಊಟದ ಪಂಕ್ತಿಯಲ್ಲಿ ಬುಂದಿ ಬುಟ್ಟಿ ಹಿಡಿದು ಬಂದವನೊಬ್ಬ ರುಮಾಲು ಕಂಡು ನಿಂತ. ಬೇರೆ ಊರಿನವನಿರಬೇಕು, ಗುರುತಿಲ್ಲ. “ನೀವು ಯಾರ ಕಡೇರ್ರಿ, ಯಜಮಾನ್ರ? ಹೆಣ್ಣಿನ ಕಡೆ ಹಿರೇರಿಗೆ ಒಳಗ ಎಲಿ ಹಾಕ್ಯಾರ,” ಎಂದ.

ಉಮಾಪತಿ ರುಮಾಲಿನ ತುದಿ ಸರಿಮಾಡಿಕೊಂಡ. ಬಡಿಸುವವನು ಕಾದು ನಿಂತೇ ಇದ್ದ, ಹಿಂದೆ ಸಾರಿನವನೂ ಬಂದು ನಿಂತ.

“ಉಣ್ಣಾಕ ಬಂದೋರಪ್ಪ,” ಎಂದಳು ಲಲಿತಾ. “ಇಲ್ಲೇ ಬಡಿಸು.”