ಮೂಗಿಗೆ ಬಿಟ್ಟ ಎರಡು ಹನಿ ಎಣ್ಣೆ

ನನ್ನ ಮೊಮ್ಮಗನಿಗೆ ಈಗ ಐದು ತಿಂಗಳು. ಬೋರಲು ಬಿದ್ದು, ತಲೆಯೆತ್ತಿ, ನನ್ನನ್ನು ನೋಡಿ ಕೇಕೆ ಹಾಕುತ್ತಾನೆ. ಆ ಕೇಕೆ ಕೇಳಿದಾಗಲೆಲ್ಲ ಶ್ರೀರಾಂಪುರದ ನಮ್ಮ ಬೀದಿಯಲ್ಲಿ ನಿಂತು ಊರಿಗೆಲ್ಲ ಕೂಗಿ ಹೇಳೋಣ ಅನ್ನಿಸುತ್ತದೆ. ಆ ಗಳಿಗೆಯಲ್ಲೇ ಬೀಗಿತ್ತಿಯ ಮುಖ ನೆನಪಾಗಿ ಮೈ ಉರಿಯುತ್ತದೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ನಯವಾಗಿ ಬರೆಯಲು ಬರುವುದಿಲ್ಲ. ಉರಿದದ್ದನ್ನು ಉರಿದ ಹಾಗೆಯೇ ಬರೆಯುತ್ತೇನೆ.

ಬಾಣಂತನ ತವರಿನಲ್ಲೇ ಆಗಬೇಕೆಂಬುದು ನಮ್ಮ ಪದ್ಧತಿ. ಸೊಸೆ ಮಗುವಿನೊಂದಿಗೆ ಚಾಮರಾಜಪೇಟೆಯ ತಾಯಿಯ ಮನೆಗೆ ಹೋದಳು. ಗಂಡಿನ ತಾಯಿ ಅಲ್ಲಿಗೆ ಹೋದರೆ ನೆಂಟಳು. ಕೂರಲು ಕುರ್ಚಿ ಸಿಗುತ್ತದೆ, ಕುಡಿಯಲು ಕಾಫಿ ಸಿಗುತ್ತದೆ, ಮಾತಿಗೆ ಬೆಲೆ ಸಿಗುವುದಿಲ್ಲ. ಅದರ ಮೇಲೆ ನಮ್ಮ ಬೀಗಿತ್ತಿ ರಿಟೈರಾದ ಟೀಚರು. ನನ್ನ ಜೊತೆ ಮಾತಾಡುವಾಗಲೂ ಬೋರ್ಡಿನ ಮುಂದೆ ನಿಂತ ಹಾಗೆಯೇ ಇರುತ್ತಾರೆ.

ಆರನೇ ವಾರದ ಚುಚ್ಚುಮದ್ದಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಆಸ್ಪತ್ರೆಯ ನರ್ಸಮ್ಮ ಒಂದು ಮಗುವಿನ ಅಂಗಿ ಎತ್ತಿ ಎಲ್ಲರಿಗೂ ತೋರಿಸಿದಳು.

"ಈ ಸೂಜಿ ನ್ಯುಮೋನಿಯಾಗೆ. ಆದ್ರೆ ಎಲ್ಲಾ ಥರದ್ದನ್ನೂ ಇದೊಂದೇ ತಡೆಯಲ್ಲ. ಕೆಮ್ಮು ಬಂದ್ರೆ ಮುಖ ನೋಡ್ತಾ ಕೂರಬೇಡಿ, ಎದೆ ನೋಡಿ. ಉಸಿರು ಎಳ್ಕೊಂಡಾಗ ಪಕ್ಕೆ ಕೆಳಗೆ ಗುಳಿ ಬಿದ್ರೆ, ಹಾಲು ಬಿಟ್ರೆ, ಬಂದ್ಬಿಡಿ. ಮೂಗಿಗೆ ಎಣ್ಣೆ, ರೂಮಿಗೆ ಹೊಗೆ, ಎರಡೂ ಬೇಡ."

ನಾನು ಬಾಯಿಪಾಠ ಮಾಡಿಕೊಂಡೆ. ಬೀಗಿತ್ತಿ ಆಗ ಫೋನಿನಲ್ಲಿ ಯಾರದೋ ಮದುವೆ ಮಾತಾಡುತ್ತಿದ್ದರು.

ಮೂರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ಒಂದು ಕುಲಾವಿ ಕೊಂಡು ಅವರ ಮನೆಗೆ ಹೋದೆ. ಕೋಣೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ನನ್ನ ಕಣ್ಣೇ ಉರಿಯುವಷ್ಟು ಹೊಗೆ ತುಂಬಿಸಿದ್ದರು. ಮಗುವಿಗೆ ನೀರೆರೆಯಲು ಬರುವ ಹೆಂಗಸು ಅವನನ್ನು ಟವಲಿನಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು, ಹರಳೆಣ್ಣೆಯನ್ನು ಮೂಗಿನ ಒಂದೊಂದು ಹೊಳ್ಳೆಗೂ ಎರಡು ಹನಿ ಬಿಡುತ್ತಿದ್ದಳು. ಮಗು ಕೆಮ್ಮುತ್ತಿತ್ತು. ಅಳಲೂ ಅದಕ್ಕೆ ಶಕ್ತಿ ಇರಲಿಲ್ಲ.

"ನಿಲ್ಸೇ!" ಎಂದೆ.

"ಬೀಗ್ರೇ, ನೀವು ಹಾಲ್‌ನಲ್ಲಿ ಕೂತ್ಕೊಳ್ಳಿ, ಕಾಫಿ ಕಳಿಸ್ತೀನಿ," ಎಂದರು ಬೀಗಿತ್ತಿ. "ಎರಡು ದಿನದಿಂದ ಶೀತ ಅಂತಾನೇ ಜಾಸ್ತಿ ಹೊಗೆ ಹಾಕಿಸ್ತಿರೋದು."

"ನಿಮ್ಮ ಕಾಫಿ ನೀವೇ ಕುಡೀರಿ. ಟವಲ್ ತೆಗೀರಿ, ಎದೆ ನೋಡ್ಬೇಕು."

"ಮೂವತ್ತು ವರ್ಷ ಮಕ್ಕಳ ಜೊತೆ ಇದ್ದೋಳು ನಾನು. ಸೂಜಿ ಹಾಕ್ಸಿದೀವಲ್ಲ, ಇನ್ನೇನ್ ಬರುತ್ತೆ? ನಿಮ್ಮ ಮಗನಿಗೆ ನೀವು ಎಣ್ಣೆ ಬಿಡಿಸ್ಲಿಲ್ವಾ?"

"ಬಿಡಿಸ್ದೆ. ಗೊತ್ತಿರ್ಲಿಲ್ಲ, ಬಿಡಿಸ್ದೆ. ನೀವು ನರ್ಸಮ್ಮ ನಿಮ್ಮೆದುರಿಗೇ ಬೇಡ ಅಂದ್ರೂ ಬಿಡಿಸ್ತಿದೀರಲ್ಲ!"

ನಾನೇ ಕೈ ಹಾಕಿ ಟವಲು ಸರಿಸಿದೆ. ಉಸಿರೆಳೆದಾಗಲೆಲ್ಲ ಪಕ್ಕೆಯ ಕೆಳಗೆ, ನನ್ನ ಹೆಬ್ಬೆರಳು ಕೂರುವಷ್ಟು ಗುಳಿ ಬೀಳುತ್ತಿತ್ತು. ಮೂಲೆಯಲ್ಲಿ ಕೂತಿದ್ದ ಸೊಸೆಯನ್ನು ಕರೆದು ತೋರಿಸಿದೆ. "ಅತ್ತೆ, ಬೆಳಿಗ್ಗೆಯಿಂದ ಹಾಲೂ ಕುಡಿದಿಲ್ಲ," ಎಂದಳು.

"ಈಗ ರಾಹುಕಾಲ. ಅರ್ಧ ಗಂಟೆ ತಡೀರಿ, ಆಮೇಲೆ ಹೋಗೋಣ," ಎಂದರು ಅವಳ ತಾಯಿ.

"ಇವನ ಉಸಿರಿಗೆ ಹೇಳಿ, ಅರ್ಧ ಗಂಟೆ ತಡಿ ಅಂತ!"

ಸೊಸೆ ಮಗುವನ್ನೆತ್ತಿಕೊಂಡು ಬರಿಗಾಲಲ್ಲೇ ಹೊರಗೆ ನಡೆದಳು. ಆಟೋದಲ್ಲಿ ನಾವಿಬ್ಬರು ಬೀಗಿತ್ತಿಯರು ಎರಡು ಪಕ್ಕ, ಅವಳು ನಡುವೆ. ದಾರಿಯುದ್ದಕ್ಕೂ ಜಗಳವೇ. ಕೊನೆಗೆ ಡ್ರೈವರು ಕನ್ನಡಿಯಲ್ಲಿ ನೋಡಿ, "ಅಮ್ಮ, ಸ್ವಲ್ಪ ಸುಮ್ನಿರ್ತೀರಾ? ನನಗೆ ಹಾರ್ನೇ ಕೇಳಿಸ್ತಿಲ್ಲ," ಎಂದ.

ನ್ಯುಮೋನಿಯಾ ಎಂದರು ಡಾಕ್ಟರು. ತಕ್ಷಣ ಆಕ್ಸಿಜನ್ ಹಾಕಿದರು. ಎಣ್ಣೆಯ ವಿಷಯ ಕೇಳಿ ಅವರಿಗೂ ಸಿಟ್ಟು ಬಂತು. "ಮೂಗಿಗೆ ಬಿಟ್ಟಿದ್ದು ಶ್ವಾಸಕೋಶಕ್ಕೂ ಇಳಿಯುತ್ತೆ ಕಣಮ್ಮ. ಮೊದಲೇ ಸೋಂಕು, ಅದರ ಮೇಲೆ ಈ ಹೊಗೆ ಬೇರೆ. ಇವತ್ತು ತಡಮಾಡಿದ್ರೆ ನಾನು ಏನೂ ಹೇಳೋಕಾಗ್ತಿರ್ಲಿಲ್ಲ."

ಬೀಗಿತ್ತಿ ಗೋಡೆ ನೋಡುತ್ತಿದ್ದರು. ಹೊರಗೆ ಬಂದ ಮೇಲೆ, "ಆಯ್ತಲ್ಲ, ಖುಷಿನಾ?" ಎಂದರು. ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಖುಷಿಯಂತೆ! ಖುಷಿಯಾದದ್ದು ನಾಲ್ಕನೇ ದಿನ. ಕೊಳವೆ ತೆಗೆದ ಮೇಲೆ ಅವನು ತಾಯಿಯ ಎದೆಗೆ ಬಾಯಿ ಹಾಕಿ ಗಟಗಟ ಕುಡಿದ. ನಾನು ಕಾರಿಡಾರಿನಲ್ಲಿ ಕಂಡ ಆಯಾಗಳಿಗೆಲ್ಲ ಕೈ ಮುಗಿದೆ. ನೆಲ ಒರೆಸುತ್ತಿದ್ದವಳೊಬ್ಬಳು ಹೆದರಿ ಹಿಂದೆ ಸರಿದಳು.

ಮನೆಗೆ ಕಳಿಸುವ ದಿನ, ಶ್ರೀರಾಂಪುರಕ್ಕೇ ಬಾ ಎಂದು ಸೊಸೆಯನ್ನು ಕರೆದೆ. "ಅಮ್ಮನ ಮನೆಗೇ ಹೋಗ್ತೀನಿ ಅತ್ತೆ. ಎಣ್ಣೆ, ಹೊಗೆ ಇನ್ನು ಇಲ್ಲ. ನಾನೇ ನೀರು ಹಾಕ್ತೀನಿ," ಎಂದಳು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಆದರೂ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಬಚ್ಚಲ ಬಾಗಿಲಲ್ಲಿ ಕೂತು ಕಾವಲು ಕಾದೆ. ಬೀಗಿತ್ತಿ ಕಾಫಿ ಕೊಡುವುದನ್ನು ನಿಲ್ಲಿಸಿದರು. ನಾನೂ ಫ್ಲಾಸ್ಕಿನಲ್ಲಿ ನನ್ನದೇ ಕಾಫಿ ತೆಗೆದುಕೊಂಡು ಹೋಗಿ ಅವರೆದುರಿಗೇ ಕುಡಿದೆ.

ಕಳೆದ ವಾರ ನಮ್ಮ ಯಜಮಾನರು ಮೊಮ್ಮಗನನ್ನು ನೋಡಿ ಬಂದರು. ಅವರು ಮನೆ ಸೇರುವಷ್ಟರಲ್ಲೇ ಬೀಗಿತ್ತಿಯ ಫೋನು ಬಂತು.

"ನಿಮ್ಮ ಯಜಮಾನ್ರು ಗೇಟಿನ ಹತ್ರ ಬೀಡಿ ಸೇದಿ, ಅದೇ ಬಾಯಲ್ಲಿ ಮಗೂಗೆ ಮುತ್ತು ಕೊಟ್ರು. ಸಾಂಬ್ರಾಣಿ ಹೊಗೆ ಮಾತ್ರ ಹೊಗೇನಾ? ಕಾವಲು ಕಾಯೋರು ಮೊದಲು ಸ್ವಂತ ಮನೆ ಕಾಯಿರಿ."

ನನ್ನ ಕಿವಿ ಕೆಂಡವಾಯಿತು. ಆದರೆ ಅವರು ಹೇಳಿದ್ದು ಸರಿ. "ಆಯ್ತು," ಎಂದು ಫೋನು ಕುಕ್ಕಿದೆ. ಯಜಮಾನರನ್ನು ಬಾಗಿಲಲ್ಲೇ ನಿಲ್ಲಿಸಿದೆ.

"ಬೀಡಿ ಬೇಕಾ, ಮೊಮ್ಮಗ ಬೇಕಾ?"

"ಇದೇನೇ, ಒಂದೇ ಒಂದು ಸೇದ್ದೆ..."

"ಒಂದೂ ಇಲ್ಲ. ಬಿಡೋವರೆಗೂ ನೀವು ಚಾಮರಾಜಪೇಟೆ ಕಡೆ ತಲೆ ಹಾಕೋ ಹಾಗಿಲ್ಲ. ಇದನ್ನ ನಾನೊಬ್ಬಳೇ ಹೇಳ್ತಿಲ್ಲ, ಆ ಬೀಗಿತ್ತಿನೂ ಹೇಳಿದಾಳೆ."

ಇಬ್ಬರು ಬೀಗಿತ್ತಿಯರೂ ಒಂದೇ ಮಾತು ಆಡಿದ್ದನ್ನು ಕೇಳಿ ಅವರು ಹೆದರಿಯೇಬಿಟ್ಟರು. ಜೇಬಿನಿಂದ ಬೀಡಿ ಕಟ್ಟನ್ನು ತೆಗೆದು ನನ್ನ ಕೈಗೆ ಕೊಟ್ಟರು.